ಕುದುರೆಗಳು ಬಂದ ದಾರಿ

ಪ್ರವಾಸ ಮುಗಿಸಿ ಬಂದ ದಂಪತಿಗಳನ್ನು ಕಂಡಾಗ “ಏನೇನು ನೋಡಿಕೊಂಡು ಬಂದಿರಿ?” ಎಂದು ಕೇಳುವುದು ನಮ್ಮಲ್ಲಿ ರೂಢಿ. ಅದಕ್ಕೆ ಬರುವ ಉತ್ತರವೂ ರೂಢಿಯದೇ. “ಬಾದಾಮಿ, ಪಟ್ಟದಕಲ್ಲು, ಹಂಪೆ ಆಯಿತು, ಆಮೇಲೆ ಘಟ್ಟ ಇಳಿದು ಗೋಕರ್ಣ, ಮುರುಡೇಶ್ವರ, ಮಲ್ಪೆ ಆಯಿತು.” ಸ್ನಾನವಾಯಿತು, ಊಟವಾಯಿತು ಎನ್ನುವ ಧಾಟಿಯಲ್ಲಿಯೇ ಹಂಪೆಯೂ ಆಗಿಹೋಗುವುದನ್ನು ಕೇಳಿದಾಗ ಸ್ವಲ್ಪ ಕಸಿವಿಸಿಯಾಗುವುದು ಸಹಜ. ಆದರೆ ಈ ಲೇಖನದಲ್ಲಿ ನಾನು ಆಕ್ಷೇಪಿಸಹೊರಟಿರುವುದು ಆ ಅವಸರವನ್ನಲ್ಲ. ಅವಸರವನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನನ್ನ ಆಕ್ಷೇಪವಿರುವುದು ಆ ಉತ್ತರವನ್ನು ನಡುವೆ ಸೀಳಿ ಎರಡು ಮಾಡುವ “ಆಮೇಲೆ ಘಟ್ಟ ಇಳಿದು” ಎಂಬ ಮಾತಿನ ಮೇಲೆ.

ಘಟ್ಟದ ಮೇಲಿನದು ಇತಿಹಾಸ, ಘಟ್ಟದ ಕೆಳಗಿನದು ಚೆಲುವು ಎಂದು ನಾವು ಮನಸ್ಸಿನಲ್ಲಿಯೇ ಪಾಲುಮಾಡಿಕೊಂಡಿದ್ದೇವೆ. ಮೇಲೆ ಕಲ್ಲು, ಕೆಳಗೆ ನೀರು. ಮೇಲೆ ಅರಸರು, ಕೆಳಗೆ ಅಲೆಗಳು. ಮೇಲಿರುವಾಗ ಮಾರ್ಗದರ್ಶಿಯ ಮಾತನ್ನು ಕಿವಿಗೊಟ್ಟು ಕೇಳುವ ಅದೇ ದಂಪತಿಗಳು ಕೆಳಗಿಳಿದೊಡನೆ ಪಾದರಕ್ಷೆ ಕಳಚಿ ಮರಳಿನಲ್ಲಿ ನಡೆಯುತ್ತಾರೆ. ಅಲ್ಲಿ ತಿಳಿದುಕೊಳ್ಳುವುದೇನೂ ಇಲ್ಲವೆಂಬುದು ಅವರ ಭಾವನೆ. ಈ ಪಾಲು ಸರಿಯಾದುದಲ್ಲ. ನಮ್ಮ ರಾಜಧಾನಿಗಳೂ ನಮ್ಮ ಕಡಲತೀರವೂ ಒಂದೇ ದಾರಿಯ ಎರಡು ತುದಿಗಳು. ಒಂದು ತುದಿಯನ್ನು ಕಾಣದೆ ಇನ್ನೊಂದನ್ನು ಕಂಡೆನೆನ್ನುವುದು ಅರ್ಧ ಕಂಡ ಮಾತು.

ನಾವು ಗಂಡಹೆಂಡಿರು ಇರುವುದು ಬೆಂಗಳೂರಿನ ದಕ್ಷಿಣದ ಅಂಚಿನ ಅಂಜನಾಪುರದಲ್ಲಿ. ಹೆಸರಿನಲ್ಲಿ ಪುರವಿದ್ದರೂ ಬಡಾವಣೆಯಾಗಿ ಇದು ಹೊಸತು. ನಿವೇಶನ ಹಂಚಿ, ರಸ್ತೆಗಳಿಗೆ ಗೆರೆ ಎಳೆದು, ನಾಲ್ಕು ದಿಕ್ಕಿನಿಂದ ಬಂದವರು ಮನೆ ಕಟ್ಟಿಕೊಂಡು ಬೆಳೆಸಿದ ಊರು. ನೋಡತಕ್ಕ ಹಳೆಯದೆಂದು ನೆಂಟರಿಗೆ ತೋರಿಸಲು ಕೆರೆಯೊಂದನ್ನು ಬಿಟ್ಟರೆ ಹೆಚ್ಚೇನೂ ಇಲ್ಲ. ಅದಕ್ಕೋ ಏನೋ, ಎರಡು ದಿನ ರಜೆ ಕೂಡಿಬಂದರೆ ಇಲ್ಲಿನ ಮನೆಗಳಿಗೆ ಬೀಗ ಬೀಳುತ್ತದೆ. 2021ರ ಜನವರಿಯಲ್ಲಿ ಕನಕಪುರ ರಸ್ತೆಗೆ ಮೆಟ್ರೋ ಬಂದಮೇಲೆ ಹೊರಡುವುದು ಇನ್ನೂ ಸುಲಭವಾಗಿದೆ. ಹಸಿರು ಮಾರ್ಗದ ಗಾಡಿ ಹತ್ತಿದರೆ ನೇರವಾಗಿ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ. ಅಲ್ಲಿ ರಾತ್ರಿ ಒಂದು ರೈಲು ಹತ್ತಿ ಮಲಗಿದರೆ ಬೆಳಗ್ಗೆ ಹೊಸಪೇಟೆ. ಇನ್ನೊಂದನ್ನು ಹತ್ತಿದರೆ ಕಾರವಾರದ ಕಡಲು. ಎರಡು ರೈಲು, ಎರಡು ದಿಕ್ಕು, ಎರಡು ರಜೆ. ಹಂಪೆಗೂ ಭಟ್ಕಳಕ್ಕೂ ಸಂಬಂಧವುಂಟೆಂದು ನೆನಪಿಸುವುದು ಈ ಏರ್ಪಾಡಿನಲ್ಲಿ ಒಂದೂ ಇಲ್ಲ. ನಮ್ಮ ಮನೆಯಲ್ಲಿ ಆ ಸಂಬಂಧವನ್ನು ಕುರಿತ ಮಾತು ಹುಟ್ಟಿದುದು ನನ್ನ ಪತ್ನಿಯ ಒಂದು ಪ್ರಶ್ನೆಯಿಂದ.

ಹಂಪೆಯ ಮಹಾನವಮಿ ದಿಬ್ಬವನ್ನು ಕಂಡವರಿಗೆ ಅದರ ತಳಗಲ್ಲುಗಳ ಮೇಲಿನ ಕೆತ್ತನೆಯ ಸಾಲುಗಳು ನೆನಪಿರಬಹುದು. ಆನೆಗಳುಂಟು, ಬೇಟೆಯುಂಟು, ಕುಣಿಯುವ ಹೆಂಗಸರುಂಟು. ಅವುಗಳ ನಡುವೆ, ಗಡ್ಡ ಬಿಟ್ಟ ಪರದೇಶದ ಗಂಡಸರು ಕುದುರೆಗಳನ್ನು ಹಿಡಿದುಕೊಂಡು ಬರುವ ಚಿತ್ರಗಳೂ ಉಂಟು. ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆಯೂ ಕುದುರೆಗಳ ಸಾಲು. ವಿಜಯವಿಠ್ಠಲನ ಬೀದಿಗೆ ಬಂದರೆ ಅಲ್ಲಿರುವ ಮಂಟಪದ ಹೆಸರೇ ಕುದುರೆಗೊಂಬೆ ಮಂಟಪ. ನಾನು ಶಿಲ್ಪದ ಕಾಲವನ್ನು ಕುರಿತು ಏನೋ ಹೇಳುತ್ತಿದ್ದೆ. ಆಕೆ ಸುತ್ತಲಿನ ಬಂಡೆಗಳನ್ನು ಒಮ್ಮೆ ನೋಡಿ, “ಅಲ್ಲಾಂದ್ರೆ, ಎಲ್ಲಿ ನೋಡಿದರೂ ಬಂಡೆ. ಇಷ್ಟೊಂದು ಕುದುರೆ ಎಲ್ಲಿಂದ ಬಂದವು? ಯಾರು ತಂದರು?” ಎಂದು ಕೇಳಿದಳು. ಮೂವತ್ತು ವರ್ಷ ತರಗತಿಯಲ್ಲಿ ನಿಂತು ಪಾಠ ಹೇಳಿದ ನಾನು ಬಲ್ಲೆ: ಇಂಥ ಪ್ರಶ್ನೆ ಕೇಳುವ ವಿದ್ಯಾರ್ಥಿ ವರ್ಷಕ್ಕೊಬ್ಬ ಸಿಕ್ಕಿದರೆ ಅಧ್ಯಾಪಕನ ಪುಣ್ಯ.

ಪ್ರಶ್ನೆಗೆ ಉತ್ತರ ಹಂಪೆಯಲ್ಲಿಲ್ಲ, ಅದು ಕಡಲಿನಲ್ಲಿದೆ. ಯುದ್ಧಕ್ಕೆ ತಕ್ಕ ಉತ್ತಮ ಕುದುರೆ ದಕ್ಷಿಣದ ನೆಲದಲ್ಲಿ ಬೇಕಾದಷ್ಟು ಹುಟ್ಟಿ ಬೆಳೆಯುತ್ತಿರಲಿಲ್ಲ. ಅದು ಅರಬಸ್ತಾನದಿಂದ, ಪಾರಸದಿಂದ, ಹೊರ್ಮುಜ್ ಬಂದರಿನ ಮೂಲಕ ಹಡಗು ಹತ್ತಿ ನಮ್ಮ ಪಶ್ಚಿಮ ತೀರದಲ್ಲಿ ಇಳಿದು, ಘಟ್ಟ ಹತ್ತಿ ವಿಜಯನಗರಕ್ಕೆ ಬರಬೇಕಾಗಿತ್ತು. 1535ರ ಸುಮಾರಿಗೆ ಹಂಪೆಯಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಹೊರ್ಮುಜಿನವೂ ನಾಡತಳಿಯವೂ ಆ ಲೆಕ್ಕದಲ್ಲಿ ಸೇರಿವೆ. ಅವನೇ ಹೇಳುವ ಇನ್ನೊಂದು ಮಾತು ಇದಕ್ಕಿಂತ ಸ್ವಾರಸ್ಯವಾದುದು. ಸಾಳುವ ನರಸಿಂಹನು ಕುದುರೆಗಳನ್ನು ಎಷ್ಟು ಆತುರದಿಂದ ಕೊಳ್ಳುತ್ತಿದ್ದನೆಂದರೆ, ಹಡಗಿನಲ್ಲಿ ಸತ್ತುಹೋದ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ್ದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಬರಿಯ ಬಾಲಕ್ಕೆ ಬೆಲೆ ಕೊಡುವ ಅರಸನು ಮರುಳನಲ್ಲ. ವರ್ತಕನಿಗೆ ನಷ್ಟವಾಗಿ ಅವನು ಮುಂದಿನ ವರ್ಷ ಬಾರದೆಹೋದರೆ ರಾಜ್ಯಕ್ಕೆ ಬರುವ ಕೇಡು ಎಂಥದೆಂದು ಅವನು ಅರಿತಿದ್ದನು.

ಕೃಷ್ಣದೇವರಾಯನೂ ಇದನ್ನು ಚೆನ್ನಾಗಿ ತಿಳಿದಿದ್ದವನೇ. ತೆಲುಗಿನಲ್ಲಿ ಅವನು ರಚಿಸಿದ ‘ಆಮುಕ್ತಮಾಲ್ಯದ’ದ ರಾಜನೀತಿಯ ಭಾಗದಲ್ಲಿ ಬಂದರುಗಳ ಮಾತು ಬರುತ್ತದೆ. ಅರಸನಾದವನು ಬಂದರುಗಳನ್ನು ಬೆಳೆಸಬೇಕು. ಕುದುರೆ, ಆನೆ, ರತ್ನ, ಗಂಧ, ಮುತ್ತುಗಳು ನಾಡಿಗೆ ಬರುವಂತೆ ಮಾಡಬೇಕು. ಬಿರುಗಾಳಿಗೋ ರೋಗಕ್ಕೋ ಸಿಕ್ಕಿ ದಡ ಸೇರಿದ ಪರದೇಶದ ನಾವಿಕರನ್ನು ಅವರವರ ದೇಶಕ್ಕೆ ತಕ್ಕಂತೆ ಉಪಚರಿಸಬೇಕು ಎಂಬುದು ಅದರ ತಾತ್ಪರ್ಯ. ತುಂಗಭದ್ರೆಯ ದಡದಲ್ಲಿ ಕುಳಿತು ಅರಬ್ಬೀ ಸಮುದ್ರದ ಬಿರುಗಾಳಿಯನ್ನು ನೆನೆದ ಅರಸನ ಕಲ್ಪನೆಯಲ್ಲಿ ಹಂಪೆ ಕಡಲಿಗೆ ದೂರದ ಊರಾಗಿರಲಿಲ್ಲ.

ಆ ಕಾಲದಲ್ಲಿ ಹಂಪೆಗೆ ಬಾಗಿಲಾಗಿದ್ದ ಬಂದರುಗಳಲ್ಲಿ ಮುಖ್ಯವಾದುದು ಭಟ್ಕಳ. 1520ರ ಆಸುಪಾಸಿನಲ್ಲಿ ಬಂದ ಪೇಸ್ ಎಂಬ ಪೋರ್ಚುಗೀಸ್ ಪ್ರವಾಸಿಯು ಭಟ್ಕಳಕ್ಕೆ ಸರಕು ಸಾಗಿಸುತ್ತಿದ್ದ ಸಾವಿರಾರು ಹೇರೆತ್ತುಗಳನ್ನು ಹೆಸರಿಸುತ್ತಾನೆ. ಇಂದು ಹೆದ್ದಾರಿಯಲ್ಲಿ ಹೋಗುವ ನಮ್ಮ ದಂಪತಿಗಳು ಭಟ್ಕಳದಲ್ಲಿ ಇಳಿಯುವುದು ಅಪರೂಪ. ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ ಮುರುಡೇಶ್ವರವಿದೆ. ಅಲ್ಲಿ 123 ಅಡಿ ಎತ್ತರದ ಶಿವನಿದ್ದಾನೆ, ಅವನ ಹಿಂದೆ ಕಡಲಿದೆ. ಅದನ್ನು ನೋಡಬಾರದೆಂದು ನಾನು ಹೇಳುವುದಿಲ್ಲ. ಆದರೆ ಭಟ್ಕಳವೆಂದರೆ ಪತ್ರಿಕೆಗಳಲ್ಲಿ ಆಗಾಗ ಬರುವ ಒಂದೇ ಬಗೆಯ ಸುದ್ದಿ ಎಂದು ಮಾತ್ರ ಬಲ್ಲವರು, ಒಂದು ಮಧ್ಯಾಹ್ನವನ್ನು ಆ ಊರಿಗೆ ಕೊಟ್ಟು ನೋಡಬೇಕು.

ನಾವಿಬ್ಬರೂ ಕೊಟ್ಟೆವು. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಅಲ್ಲಿನ ದೊಡ್ಡ ಕಟ್ಟಡ. ಘಟ್ಟದ ಮೇಲಿನ ಗುಡಿಗಳನ್ನು ನೋಡಿ ಬಂದ ಕಣ್ಣಿಗೆ ಅದು ಮೊದಲು ಮನೆಯಂತೆ ತೋರುತ್ತದೆ. ಮಾಡಿಗೆ ಹೊದಿಸಿರುವುದು ಕಲ್ಲಿನ ಹಾಸುಗಳನ್ನು. ಆದರೆ ಆ ಮಾಡು ಇಳಿಜಾರಾಗಿದೆ, ಹಳ್ಳಿಮನೆಯ ಸೂರಿನಂತೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ಕಲ್ಲುಕುಟಿಗನು ಮರಗೆಲಸದವನ ಜಾಣ್ಮೆಯನ್ನು ಎರವಲು ಪಡೆದಿದ್ದಾನೆ. ಸ್ವಲ್ಪ ದೂರದಲ್ಲಿ 16ನೆಯ ಶತಮಾನದ ಕೇತಪೈ ನಾರಾಯಣ ದೇವಾಲಯ. ಅದರ ಹೊರಗೋಡೆಯ ಮೇಲೆ ರಾಮಾಯಣದ ಕಥೆ. ಆ ಗುಡಿಗೆ ಹೆಸರು ಬಂದಿರುವುದು ಅರಸನಿಂದಲ್ಲ, ಪೈ ಮನೆತನದವನೊಬ್ಬನಿಂದ. ಪೇಟೆಯ ಕಿರಿದಾದ ಓಣಿಗಳಲ್ಲಿ ನವಾಯತರ ಹಳೆಯ ಮನೆಗಳು. ಅರಬ್ ವರ್ತಕರ ಸಂತತಿಯೆಂದು ಹೇಳಿಕೊಳ್ಳುವ ಈ ಜನರ ಮಾತಿನಲ್ಲಿ ಕೊಂಕಣಿಯ ಜೊತೆಗೆ ಅರಬ್ಬಿಯೂ ಪಾರಸಿಯೂ ಬೆರೆತಿವೆ. ಜೈನನ ಬಸದಿ, ವೈಷ್ಣವನ ಗುಡಿ, ಮುಸಲ್ಮಾನನ ಓಣಿ, ಇವು ಮೂರೂ ಒಂದೇ ಸಂತೆಯ ಸುತ್ತ ಬೆಳೆದವು. ದಿಬ್ಬದ ಮೇಲಿನ ಗಡ್ಡದ ಮನುಷ್ಯರಿಗೆ ಇಲ್ಲಿ ಊರು ಸಿಕ್ಕಿತು, ನೆರೆಹೊರೆ ಸಿಕ್ಕಿತು. ನನ್ನ ಪತ್ನಿಯ ಪ್ರಶ್ನೆಗೆ ಉತ್ತರವೂ ಸಿಕ್ಕಿತು.

ಕರಾವಳಿಯ ಈ ಬಾಳು ಸುಖದ್ದೇ ಆಗಿತ್ತೆಂದು ತಿಳಿಯಬಾರದು. ಕಡಲ ದಾರಿ ಕುದುರೆಯನ್ನು ತಂದಂತೆ ಫಿರಂಗಿಯನ್ನೂ ತಂದಿತು. 1502ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಭಟ್ಕಳದ ಮೇಲೆ ಬಿದ್ದವು. 1542ರಲ್ಲಿ ಪೋರ್ಚುಗೀಸರು ಊರನ್ನು ಮತ್ತೆ ಸುಲಿದರು. 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಕುದುರೆಯ ವ್ಯಾಪಾರವನ್ನೆಲ್ಲ ಅಲ್ಲಿಗೆ ಎಳೆದುಕೊಳ್ಳುವುದೇ ಅವರ ಹಂಚಿಕೆಯಾಗಿತ್ತು. ಆದರೂ 1565ರಲ್ಲಿ ವಿಜಯನಗರ ಬಿದ್ದಾಗ ಗೋವೆಯ ವ್ಯಾಪಾರವೂ ಕುಗ್ಗಿತೆಂದು ಪೋರ್ಚುಗೀಸ್ ಬರಹಗಾರರೇ ಬರೆದಿಟ್ಟಿದ್ದಾರೆ. ಒಂದು ತುದಿ ಕಡಿದರೆ ಇನ್ನೊಂದು ತುದಿ ಒಣಗುತ್ತದೆ. ಅಥೆನ್ಸಿಗೆ ಪಿರೇಯಸ್, ರೋಮಿಗೆ ಓಸ್ಟಿಯಾ ಹೇಗೋ ಹಂಪೆಗೆ ಈ ಬಂದರುಗಳು ಹಾಗೆ.

ಭಟ್ಕಳದಿಂದ ಬಡಗಣಕ್ಕೆ ಹೊನ್ನಾವರವಿದೆ. ಶರಾವತಿಯ ಅಳಿವೆಯನ್ನು ಸೇತುವೆಯ ಮೇಲಿಂದ ಕಂಡು “ಆಹಾ” ಎನ್ನದವರಿಲ್ಲ. ಆ ಚೆಲುವಿಗೆ ಒಂದು ಸಂಗತಿಯನ್ನು ಸೇರಿಸಿ ನೋಡೋಣ. 14ನೆಯ ಶತಮಾನದ ನಡುಗಾಲದಲ್ಲಿ ಈ ಊರಿಗೆ ಬಂದ ಮೊರಾಕೋ ದೇಶದ ಇಬ್ನ್ ಬತೂತನು ಇಲ್ಲಿ ಹೆಣ್ಣುಮಕ್ಕಳಿಗಾಗಿ 13, ಗಂಡುಮಕ್ಕಳಿಗಾಗಿ 23 ಪಾಠಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಸೇರಿಸಿದ್ದಾನೆ. ಅರ್ಧ ಜಗತ್ತು ಸುತ್ತಿದವನ ಮಾತು ಅದು. ಹೊನ್ನಾವರದ ಹೆಸರನ್ನು ಸೇತುವೆಯಿಂದಲ್ಲದೆ ಹೆಣ್ಣುಮಕ್ಕಳ ಪಾಠಶಾಲೆಗಳಿಂದ ನೆನೆಯುವ ಉಪಾಧ್ಯಾಯಿನಿಯರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು?

ಅದೇ ಶರಾವತಿಯ ದಂಡೆ ಹಿಡಿದು ಮೂವತ್ತು ಕಿಲೋಮೀಟರಿನಷ್ಟು ಮೇಲಕ್ಕೆ ಹೋದರೆ ಗೇರುಸೊಪ್ಪೆ. ಜೋಗವನ್ನು ನೋಡಲು ಹೊರಟವರು ಈ ಹೆಸರನ್ನು ಫಲಕದಲ್ಲಿ ಓದಿ ಮುಂದೆ ಹೋಗುತ್ತಾರೆ. ಒಳಗೆ, ನಗರಬಸ್ತಿಕೇರಿಯ ಕಾಡಿನ ನಡುವೆ, ಚತುರ್ಮುಖ ಬಸದಿ ನಿಂತಿದೆ: ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಿನಿಂದ ಬಂದರೂ ಎದುರಿಗೆ ಜಿನನ ಮುಖ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಘಟ್ಟದ ಮೆಣಸು ಈ ಹೊಳೆಯಲ್ಲಿ ಇಳಿದು ಹೊನ್ನಾವರದಲ್ಲಿ ಹಡಗು ಹತ್ತಿತು. ಇಳಿಯುವುದಕ್ಕೆ ಮೆಣಸು, ಏರುವುದಕ್ಕೆ ಕುದುರೆ; ಘಟ್ಟದ ದಾರಿಗಳು ಸವೆದುದು ಹೀಗೆ.

ವಿಜಯನಗರಕ್ಕೆ ಮಾತ್ರ ಸಲ್ಲುವ ಮಾತೇ ಇದು ಎಂದು ಓದುಗರು ಕೇಳಬಹುದು. ಹಾಗಲ್ಲ. ಬಾದಾಮಿಯ ಚಾಲುಕ್ಯರನ್ನು ನಾವು ಕೆಂಗಲ್ಲಿನ ಗುಹೆಗಳೊಡನೆ ನೆನೆಯುತ್ತೇವೆ. ಆದರೆ ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ 634ರ ಶಾಸನವನ್ನು ತೆರೆದರೆ ಅಲ್ಲಿ ಹಡಗುಗಳಿವೆ. ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿ ಎಂಬ ಪಟ್ಟಣವನ್ನು ಎರಡನೆಯ ಪುಲಕೇಶಿಯು ಮದಗಜಗಳಂಥ ನೂರಾರು ನಾವೆಗಳಿಂದ ಮುತ್ತಿದನೆಂದು ಕವಿ ಹೊಗಳುತ್ತಾನೆ. ಮಲಪ್ರಭೆಯ ಬಯಲಿನ ಆ ಸಣ್ಣ ಊರಿನ ಹೆಸರು ಇನ್ನೂ ದೂರ ಹೋಯಿತು. ‘ಅಯ್ಯಾವೊಳೆಯ ಐನೂರ್ವರು’ ಎಂಬ ವರ್ತಕಸಂಘ ಹೆಸರು ಪಡೆದುದು ಐಹೊಳೆಯಿಂದ. ಆ ಐನೂರ್ವರ ಹೆಸರಿನ 1088ರ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಬಾರುಸ್ ಎಂಬಲ್ಲಿ ದೊರೆತಿದೆ. ಐಹೊಳೆಯ ದುರ್ಗದ ಗುಡಿಯ ಮುಂದೆ ಚಿತ್ರ ತೆಗೆಸಿಕೊಳ್ಳುವ ದಂಪತಿಗಳಿಗೆ ಇದನ್ನು ಯಾರಾದರೂ ಹೇಳಿದರೆ ಅವರು ನಿಂತ ನೆಲ ಇನ್ನಷ್ಟು ವಿಶಾಲವಾಗಿ ತೋರದಿರಲಾರದು.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳಿಲ್ಲದಿಲ್ಲ. ವಾರವೆಲ್ಲ ದುಡಿದು ದಣಿದ ಗಂಡಹೆಂಡಿರು ವಿಶ್ರಾಂತಿಗಾಗಿ ಹೋಗುತ್ತಾರೆ; ಅವರ ತಲೆಯ ಮೇಲೆ ಮತ್ತೆ ಇತಿಹಾಸದ ಹೇರು ಹೊರಿಸುವುದು ನ್ಯಾಯವೆ? ಕಡಲನ್ನು ಕಡಲೆಂದು ನೋಡುವ ಸುಖವೂ ಒಂದುಂಟಲ್ಲ? ಇದು ತಳ್ಳಿಹಾಕುವ ಮಾತಲ್ಲ. ಸಂಜೆಯ ಬೆಳಕಿನಲ್ಲಿ ಮರವಂತೆಯ ದಾರಿ, ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆ. ಆ ನೋಟಕ್ಕೆ ಪಾಂಡಿತ್ಯದ ಅಗತ್ಯವಿಲ್ಲ. ಆದರೆ ಅಲ್ಲಿಂದ ಬಹಳ ದೂರವಲ್ಲದ ಬಸರೂರಿನ ಬಂದರಿಗೆ 1665ರಲ್ಲಿ ಶಿವಾಜಿ ಕಡಲ ಮೇಲೆ ಹಡಗುಗಳಲ್ಲಿ ಬಂದು ದಾಳಿಮಾಡಿದನೆಂದು ತಿಳಿದರೆ ಆ ನೀರಿನ ಸೊಗಸು ಕಡಿಮೆಯಾಗುವುದೆ? ದಿಗಂತದಲ್ಲಿ ಕಾಣುವ ದೋಣಿಯೊಂದು ಮನಸ್ಸಿನಲ್ಲಿ ನೂರು ಹಾಯಿಗಳನ್ನು ಬಿಚ್ಚುವುದು. ತಿಳಿವು ನೋಟಕ್ಕೆ ಭಾರವಾಗುವುದು ಅದನ್ನು ಪಟ್ಟಿಮಾಡಿ ಒಪ್ಪಿಸಿದಾಗ. ಹುಡುಕುತ್ತ ಹೋಗಿ ಕಂಡುಕೊಂಡ ತಿಳಿವಿಗೆ ಭಾರವಿಲ್ಲ.

ಇಷ್ಟನ್ನೂ ನಾನು ಹೇಳುವುದಕ್ಕೆ ಕಾರಣ ಪ್ರವಾಸಿಗಳ ಸುಖವೊಂದೇ ಅಲ್ಲ. ಘಟ್ಟದ ಮೇಲಿನದು ಮಾತ್ರ ಇತಿಹಾಸವೆಂದು ಬಗೆದುದರಿಂದ ನಮ್ಮ ಚರಿತ್ರೆ ಅರಸರ ಚರಿತ್ರೆಯಾಗಿ ಉಳಿದಿದೆ. ಹೇರೆತ್ತು ಹೊಡೆದವನು, ಹಡಗು ನಡೆಸಿದವನು, ಮೆಣಸು ತೂಗಿದವನು, ಕುದುರೆಗೆ ಲಾಳ ಕಟ್ಟಿದವನು ಅದರಲ್ಲಿ ಇಲ್ಲ. ಪರದೇಶದವನು ಬಂದರೆ ಅವನು ಶತ್ರುವಾಗಿ ಮಾತ್ರ ಬರುತ್ತಾನೆ. ನೆರೆಯವನಾಗಿ ಬಂದವನ ನೆನಪು ಉಳಿಯುವುದಿಲ್ಲ. ಜನ ಹೋಗದ ಕಟ್ಟಡದ ಗತಿಯನ್ನೂ ಯೋಚಿಸಬೇಕು. ಹಂಪೆ 1986ರಿಂದಲೂ ಪಟ್ಟದಕಲ್ಲು 1987ರಿಂದಲೂ ವಿಶ್ವಪರಂಪರೆಯ ಪಟ್ಟಿಯಲ್ಲಿವೆ, ಅವನ್ನು ಕೇಳುವವರಿದ್ದಾರೆ. ಗೇರುಸೊಪ್ಪೆಯ ಬಸದಿಗಳ, ಬಾರಕೂರಿನ ಕತ್ತಲೆ ಬಸದಿಯ ಪರವಾಗಿ ಮಾತಾಡಬೇಕಾದವರು ಅವನ್ನು ಕಣ್ಣಾರೆ ಕಂಡವರೇ. ಕಾಣದವರು ಮಾತಾಡುವುದು ಹೇಗೆ?

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನ ಒಂದು ವಿಜ್ಞಾಪನೆಯುಂಟು. ಶಾಲೆಯ ಪ್ರವಾಸವನ್ನು ಸ್ಥಳಗಳ ಮೇಲೆ ಹೂಡದೆ ದಾರಿಯ ಮೇಲೆ ಹೂಡಿ ನೋಡಿ. ಹಂಪೆಯಲ್ಲಿ ಒಂದು ಕುದುರೆಯನ್ನು ತೋರಿಸಿ, ಇದು ಬಂದ ದಾರಿಯನ್ನು ಹುಡುಕೋಣವೆಂದು ಮಕ್ಕಳಿಗೆ ಹೇಳಿ. ಅಲ್ಲಿಂದ ಬನವಾಸಿ, ಗೇರುಸೊಪ್ಪೆ, ಹೊನ್ನಾವರ, ಭಟ್ಕಳ. ನಾಲ್ಕು ದಿನ ಸಾಕು. ಮೂವತ್ತು ತಾಣಗಳಿಗೆ ಬದಲಾಗಿ ಐದು. ಆದರೆ ಆ ಐದನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ಭಟ್ಕಳದ ಬಸದಿಯ ಮುಂದೆ ಹಂಪೆಯ ಹೆಸರನ್ನೂ ಹಂಪೆಯ ದಿಬ್ಬದ ಬಳಿ ಭಟ್ಕಳದ ಹೆಸರನ್ನೂ ಬರೆದ ಎರಡು ಫಲಕಗಳನ್ನು ನಿಲ್ಲಿಸಲು ಸರ್ಕಾರಕ್ಕೆ ಹೆಚ್ಚಿನ ಹಣವೇನೂ ಬೇಕಾಗದು.

ದಂಪತಿಗಳಿಗೆ ಹೇಳಬೇಕಾದುದು ಇನ್ನೂ ಸಣ್ಣದು. ಇಬ್ಬರು ಕೂಡಿ ಹೋಗುವುದರ ಲಾಭವೆಂದರೆ ಎರಡು ಜೊತೆ ಕಣ್ಣು. ನಾನು ಶಾಸನವನ್ನು ಹುಡುಕುವಾಗ ನನ್ನ ಪತ್ನಿ ಬಾವಿಯನ್ನು ಹುಡುಕುತ್ತಾಳೆ. ನಾನು ಕಟ್ಟಿಸಿದವನಾರೆಂದು ಕೇಳಿದರೆ ಆಕೆ ಅವರು ಏನುಂಡರೆಂದು ಕೇಳುತ್ತಾಳೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ಲೋಕಮಹಾದೇವಿ, ಗಂಡ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ. ಗೆದ್ದವನು ಅವನು, ನೆನಪನ್ನು ಕಲ್ಲಿನಲ್ಲಿ ನಿಲ್ಲಿಸಿದವಳು ಅವಳು. ಒಬ್ಬರು ಹೇಳಿ ಇನ್ನೊಬ್ಬರು ತಲೆಯಾಡಿಸುವ ಪ್ರವಾಸದಲ್ಲಿ ಈ ಲಾಭ ನಷ್ಟವಾಗುತ್ತದೆ. ಪ್ರಶ್ನೆಯನ್ನು ಇಬ್ಬರೂ ಒಯ್ಯಬೇಕು.

ನಮ್ಮ ವಯಸ್ಸಿನವರಿಗೆ ಮೊಣಕಾಲು ಎಚ್ಚರಿಕೆ ಕೊಡಲು ತೊಡಗಿದೆ. ಮೇಗುತಿಯ ಮೆಟ್ಟಿಲು ಪ್ರತಿ ವರ್ಷವೂ ಒಂದಿಷ್ಟು ಕಡಿದಾಗುತ್ತಿದೆ. ಎಲ್ಲವನ್ನೂ ನೋಡಿಯೇ ತೀರಬೇಕೆಂಬ ಹಟ ಈಗ ಇಲ್ಲ. ಬಾರಕೂರು ಉಳಿದಿದೆ, ಬಸರೂರು ಉಳಿದಿದೆ. ಮಳೆಗಾಲ ಕಳೆದ ಮೇಲೆ ಕಾರವಾರದ ರೈಲಿಗೆ ಚೀಟಿ ತೆಗೆಸಬೇಕೆಂದಿದ್ದೇವೆ. ಕಿರಿಯರು ನಮಗಾಗಿ ಕಾಯಬೇಕಾಗಿಲ್ಲ. ಅವರು ಈ ರಜೆಯಲ್ಲಿಯೇ ಹೋಗಬಹುದು. ಮುರುಡೇಶ್ವರದ ದಾರಿಯಲ್ಲಿ ಭಟ್ಕಳದಲ್ಲಿ ಇಳಿದು, ಬಸದಿಯ ದಾರಿ ಯಾವುದೆಂದು ಅಂಗಡಿಯವರನ್ನು ಕೇಳಿದರೆ ಹೇಳುತ್ತಾರೆ.